ಜೇಬಿನ ಮಸೆಗಲ್ಲು: ಕೇಳಿದ್ದು ಮತ್ತು ಕೈಗೆ ತಿಳಿದದ್ದು

ಶಿರಸಿ ಸೀಮೆಯ ನನ್ನ ಸೋದರಮಾವನ ತೋಟದಲ್ಲಿ ಅಡಿಕೆ ಕೊಯ್ಲಿನ ದಿನ. ಕೊನೆಗೌಡರು ಮರ ಹತ್ತುವ ಮೊದಲು ಸೊಂಟದ ಚೀಲದಿಂದ ಒಂದು ಕಲ್ಲು ತೆಗೆದರು. ಎರಡು ಬೆರಳಗಲ, ಅಂಚೆಲ್ಲ ಸವೆದು ಉರುಟಾದ ಕಲ್ಲು. ಕಾಲುವೆಯ ನೀರಿನಲ್ಲಿ ಅದ್ದಿ, ಕತ್ತಿಯ ಬಾಯಿಗೆ ಈ ಕಡೆ ಐದು ಸಲ, ಆ ಕಡೆ ಐದು ಸಲ ಎಳೆದರು. ಬಾಯಿಯನ್ನು ಹೆಬ್ಬೆರಳ ಉಗುರಿಗೆ ಮೆಲ್ಲಗೆ ತಾಗಿಸಿ ನೋಡಿದರು. ಕಲ್ಲು ಚೀಲಕ್ಕೆ ಹೋಯಿತು, ಅವರು ಮರ ಹತ್ತಿದರು. ಮಧ್ಯಾಹ್ನ ಊಟಕ್ಕೆ ಇಳಿದಾಗ ಮತ್ತೆ ಅದೇ ಹತ್ತು ಎಳೆತ. ಬೆಳಗ್ಗೆ ತಾನೇ ಮಸೆದಿದ್ದಿರಲ್ಲ ಅಂದೆ. 'ಬಾಯಿ ಹೋದ್ಮೇಲೆ ಮಸೀತೆ ಅಂದ್ರೆ ತಡ ಆತು ತಮ್ಮಾ, ಹೋಗೂಕೆ ಮುಂಚೇನೇ ಮಸೀಬೇಕು' ಅಂದರು.

ಪಶ್ಚಿಮಘಟ್ಟದ ಚಾರಣಗಳಲ್ಲಿ ನನ್ನ ಜೇಬಿನಲ್ಲಿ ಮಡಚುವ ಚಾಕು ಇದ್ದೇ ಇರುತ್ತದೆ. ಊರಿನಲ್ಲಿದ್ದಾಗಲೂ ಅಷ್ಟೆ: ಹಣ್ಣು ಹೆಚ್ಚಲು, ಪಾರ್ಸೆಲ್ ಬಿಡಿಸಲು, ಗೋಣಿದಾರ ಕತ್ತರಿಸಲು. ಜೊತೆಗೆ ಬರುವ ಹುಡುಗರು ಕೇಳುವ ಪ್ರಶ್ನೆ ಒಂದೇ, ಒಯ್ಯಲು ಯಾವ ಶಾರ್ಪನರ್ ಕೊಳ್ಳಲಿ ಅಂತ. ಉತ್ತರ ಕೊಡುವ ಮೊದಲು ಒಂದಷ್ಟು ನಂಬಿಕೆಗಳನ್ನು ಅವರ ಮನಸ್ಸಿನಿಂದ ಎಬ್ಬಿಸಬೇಕಾಗುತ್ತದೆ. ಅವುಗಳಲ್ಲಿ ಕೆಲವು ಚಾಕುವನ್ನು ಕೆಡಿಸುತ್ತವೆ, ಕೆಲವು ಕೈಯನ್ನೇ ಕೊಯ್ಯುತ್ತವೆ.

ತಪ್ಪು ಕಲ್ಪನೆ: ಹರಿತ ಬರುವುದು ಕಲ್ಲಿನಿಂದ. ಒಳ್ಳೆಯದು ಕೊಂಡರೆ ಮುಗಿಯಿತು.

ವಾಸ್ತವ: ಕಲ್ಲು ಲೋಹವನ್ನು ಸವೆಸುತ್ತದೆ, ಅಷ್ಟೇ. ಹರಿತ ಕೂರುವುದು ಎರಡು ಸಂಗತಿಗಳಿಂದ: ಅಲಗನ್ನು ಹಿಡಿದ ಕೋನ ಬದಲಾಗದೆ ಇರುವುದು, ಮತ್ತು ಬಾಯಿಯ ಉದ್ದಕ್ಕೂ ಮುಳ್ಳು ಏಳುವ ತನಕ ಮಸೆಯುವುದು.

ಅಲಗಿನ ಎರಡೂ ಕಡೆಯ ಇಳಿಜಾರುಗಳು ಒಂದು ಗೆರೆಯಲ್ಲಿ ಕೂಡುತ್ತವಲ್ಲ, ಆ ಗೆರೆಯೇ ಬಾಯಿ. ಬಳಸಿದಂತೆ ಅದು ದುಂಡಗಾಗುತ್ತದೆ ಅಥವಾ ಒಂದು ಕಡೆಗೆ ಮಡಚಿಕೊಳ್ಳುತ್ತದೆ. ಒಂದು ಕಡೆಯ ಇಳಿಜಾರನ್ನು ಒಂದೇ ಕೋನದಲ್ಲಿ ಉಜ್ಜುತ್ತಾ ಹೋದರೆ ಕೊನೆಗೆ ಬಾಯಿಯ ಆಚೆ ಬದಿಯಲ್ಲಿ ಕೂದಲೆಳೆಯಂಥ ಲೋಹದ ಅಂಚು ಏಳುತ್ತದೆ. ಇದೇ ಮುಳ್ಳು, ವರ್ಕ್‌ಶಾಪಿನವರು ಇದನ್ನು ಬರ್ ಎನ್ನುತ್ತಾರೆ. ಕಣ್ಣಿಗೆ ಸರಿಯಾಗಿ ಕಾಣದು. ಬೆರಳ ತುದಿಯನ್ನು ಬೆನ್ನಿನ ಕಡೆಯಿಂದ ಬಾಯಿಯ ಆಚೆಗೆ ಅಡ್ಡಲಾಗಿ ಸವರಿದರೆ ಗರಗರ ಎಂದು ತಾಗುತ್ತದೆ. ಬಾಯಿಯ ಗುಂಟ ಉದ್ದಕ್ಕೆ ಮಾತ್ರ ಬೆರಳು ಎಳೆಯಬಾರದು. ಹಿಡಿಯ ಬುಡದಿಂದ ತುದಿಯ ತನಕ ಆ ಗರಗರ ಸಿಕ್ಕಿತೆಂದರೆ ಆ ಕಡೆಯ ಕೆಲಸ ಮುಗಿಯಿತು. ಇನ್ನೊಂದು ಕಡೆಗೂ ಹಾಗೇ ಮಾಡಿ, ಆಮೇಲೆ ಬರಿಯ ಅಲಗಿನ ಭಾರದಲ್ಲಿ ಒಮ್ಮೆ ಈ ಕಡೆ ಒಮ್ಮೆ ಆ ಕಡೆ ಎಳೆದರೆ ಮುಳ್ಳು ಉದುರುತ್ತದೆ. ತಿಂಗಳುಗಟ್ಟಲೆ ಮಸೆದರೂ ಹರಿತ ಬರಲಿಲ್ಲ ಎನ್ನುವವರಲ್ಲಿ ಹೆಚ್ಚಿನವರು ಮುಳ್ಳು ಏಳುವ ಮೊದಲೇ ಕೈ ಬಿಟ್ಟಿರುತ್ತಾರೆ.

ಕೋನ ಎಷ್ಟು? ಜೇಬಿನ ಚಾಕುವಿಗೆ ಒಂದೊಂದು ಕಡೆ 15ರಿಂದ 20 ಡಿಗ್ರಿ. ಪೊದೆ ಕಡಿಯುವ ಕತ್ತಿಗೆ, ಮಚ್ಚಿಗೆ 25ರ ಆಸುಪಾಸು. ತೆಳುವಾದಷ್ಟೂ ಸುಲಭವಾಗಿ ಕೊಯ್ಯುತ್ತದೆ, ಬೇಗ ಮುಕ್ಕಾಗುತ್ತದೆ. ಅಳೆಯಲು ಉಪಕರಣ ಬೇಕಿಲ್ಲ. 20 ಡಿಗ್ರಿ ಬೇಕಿದ್ದರೆ ಅಲಗಿನ ಅಗಲದ ಮೂರನೆಯ ಒಂದು ಭಾಗದಷ್ಟು ಬೆನ್ನನ್ನು ಕಲ್ಲಿನಿಂದ ಎತ್ತಬೇಕು. ಅಲಗು 15 ಮಿಲಿಮೀಟರ್ ಅಗಲ ಇದ್ದರೆ 5 ಮಿಲಿಮೀಟರ್, ಅಂದರೆ ಹತ್ತು ರೂಪಾಯಿಯ ಮೂರು ನಾಣ್ಯ ಒಂದರ ಮೇಲೊಂದು ಇಟ್ಟಷ್ಟು. ಬಾಯಿಯ ಇಳಿಜಾರಿಗೆ ಮಾರ್ಕರ್ ಪೆನ್ನಿನಿಂದ ಕಪ್ಪು ಬಳಿದು ಎರಡು ಸಲ ಎಳೆದು ನೋಡಿ. ಬಣ್ಣ ಮೇಲ್ಭಾಗದಲ್ಲಿ ಮಾತ್ರ ಹೋಗಿದ್ದರೆ ಬೆನ್ನು ತೀರ ತಗ್ಗಿದೆ. ಬಾಯಿಯ ಗೆರೆಯಲ್ಲಿ ಮಾತ್ರ ಹೋಗಿದ್ದರೆ ತೀರ ಎತ್ತಿದ್ದೀರಿ. ಇಡೀ ಇಳಿಜಾರು ಬೆಳ್ಳಗಾದರೆ ಕೋನ ಸರಿಯಾಗಿ ಕೂತಿದೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಗುರು ನನಗೆ ಗೊತ್ತಿಲ್ಲ.

ಆಯ್ಕೆಯ ಮೊದಲ ಪ್ರಶ್ನೆ ಇಲ್ಲೇ ಹುಟ್ಟುತ್ತದೆ. ನಿಮ್ಮ ಕೈಗೆ ಕೋನದ ಅಭ್ಯಾಸ ಆಗಿದೆಯೇ? ಆಗಿದ್ದರೆ ಬೆರಳುದ್ದದ ಸಾದಾ ಕಲ್ಲು ಸಾಕು. ಆಗಿಲ್ಲದಿದ್ದರೆ ಕಲ್ಲಿನ ತುದಿಯಲ್ಲೇ 20 ಡಿಗ್ರಿಯ ಪ್ಲಾಸ್ಟಿಕ್ ಇಳಿಜಾರು ಜೋಡಿಸಿದ ಮಾದರಿ ಕೊಳ್ಳಿ. ವರ್ಕ್ ಶಾರ್ಪ್ ಕಂಪನಿಯ ಫೀಲ್ಡ್ ಶಾರ್ಪನರ್ ಅಂಥದ್ದು. ಚಾಕುವಿನ ಅಲಗನ್ನು ಆ ಇಳಿಜಾರಿನ ಮೇಲಿಟ್ಟು, ಅದೇ ವಾಲಿಕೆಯಲ್ಲಿ ಮುಂದಕ್ಕೆ ಸರಿಸಿದರಾಯಿತು.

ತಪ್ಪು ಕಲ್ಪನೆ: ಸಂದಿಯಲ್ಲಿಟ್ಟು ಎಳೆಯುವ ಶಾರ್ಪನರ್ ಎಲ್ಲಕ್ಕಿಂತ ಸುಲಭ, ಹಾಗಾಗಿ ಅದೇ ಒಳ್ಳೆಯದು.

ವಾಸ್ತವ: ಸುಲಭ ಎನ್ನುವುದು ನಿಜ. ಅದರೊಳಗೆ ಇರುವುದು ವಿ ಅಕ್ಷರದಂತೆ ಅಡ್ಡಡ್ಡ ಕೂರಿಸಿದ ಟಂಗ್‌ಸ್ಟನ್ ಕಾರ್ಬೈಡಿನ ಎರಡು ತುಂಡು. ಅವು ಮಸೆಯುವುದಿಲ್ಲ, ಕೆರೆಯುತ್ತವೆ. ತೆಂಗಿನಕಾಯಿ ತುರಿದಂತೆ ಉಕ್ಕಿನ ಎಳೆಗಳು ಸುರುಳಿಯಾಗಿ ಉದುರುವುದು ಕಣ್ಣಿಗೇ ಕಾಣುತ್ತದೆ. ಬಾಯಿ ಹರಿದ ಬಟ್ಟೆಯ ಅಂಚಿನಂತೆ ಆಗಿ, ಮೊದಲ ಎರಡು ದಿನ ಟೊಮೆಟೊ ಸಿಪ್ಪೆಯನ್ನು ಚೆನ್ನಾಗಿ ಹಿಡಿದು ಕೊಯ್ಯುತ್ತದೆ. ಜನ ಮೆಚ್ಚುವುದು ಆ ಎರಡು ದಿನದ ಕೊಯ್ತವನ್ನು. ಮೂರನೆಯ ದಿನ ಆ ಎಳೆಗಳು ಮುರಿದು ಮತ್ತೆ ಮೊಂಡು. ಮತ್ತೆ ಎಳೆಯಬೇಕು, ಮತ್ತೆ ಲೋಹ ಹೋಗಬೇಕು. ಹಿಡಿಯ ಬುಡದ ಹತ್ತಿರದ ಒಂದಿಷ್ಟು ಜಾಗ ಆ ಸಂದಿಗೆ ಸಿಗುವುದೇ ಇಲ್ಲ. ಕೆಲವು ವರ್ಷದಲ್ಲಿ ಅಲ್ಲಿ ಅಲಗು ಹೊಟ್ಟೆ ಒಳಗೆ ಹೋದಂತೆ ಬಾಗುತ್ತದೆ.

ಆದರೂ ಇದನ್ನು ಪೂರ್ತಿ ತಳ್ಳಿಹಾಕಲಾರೆ. ನೂರು ರೂಪಾಯಿಯ ಚಾಕು, ಅಡುಗೆ ಮಾಡುವವರಿಗೆ ಮಸೆಯಲು ಪುರುಸೊತ್ತಿಲ್ಲ, ಹಾಗಿದ್ದಾಗ ಮೊಂಡು ಚಾಕುವಿಗಿಂತ ಇದು ಮೇಲು. ಇದೇ ಆಕಾರದಲ್ಲಿ ಕಾರ್ಬೈಡಿನ ಬದಲು ಸೆರಾಮಿಕ್ ಕಡ್ಡಿ ಇರುವವೂ ಸಿಗುತ್ತವೆ, ಅವು ಇಷ್ಟು ಲೋಹ ತಿನ್ನುವುದಿಲ್ಲ. ಪ್ರೀತಿಯಿಂದ ಕೊಂಡ ಚಾಕುವನ್ನು ಮಾತ್ರ ಆ ಕಾರ್ಬೈಡ್ ಸಂದಿಗೆ ಹಾಕಬೇಡಿ.

ತಪ್ಪು ಕಲ್ಪನೆ: ಕಿಡಿ ಹಾರಿದರೇ ಸಾಣೆ. ಪೇಟೆಯ ಗ್ರೈಂಡರಿನಲ್ಲಿ ಒಮ್ಮೆ ಹಿಡಿಸಿದರೆ ವರ್ಷಕ್ಕೆ ಸಾಕು.

ವಾಸ್ತವ: ಇದರಲ್ಲಿ ನಾನು ಒಂದು ಚಾಕು ಕಳೆದುಕೊಂಡಿದ್ದೇನೆ. ಅಪ್ಪ ಕೊಟ್ಟ ಕಾರ್ಬನ್ ಉಕ್ಕಿನ ಚಾಕು. ಚಾರಣಕ್ಕೆ ಹೊರಡುವ ಹಿಂದಿನ ಸಂಜೆ ಅವಸರದಲ್ಲಿ ಒಂದು ಅಂಗಡಿಗೆ ಕೊಟ್ಟೆ. ನೀರಿಲ್ಲದ ವಿದ್ಯುತ್ ಚಕ್ರಕ್ಕೆ ಅಲಗು ತಾಗಿಸಿದಾಗ ಕಿಡಿಗಳು ಹೂಕುಂಡದಂತೆ ಹಾರಿದವು. ಮನೆಗೆ ಬಂದು ದೀಪಕ್ಕೆ ಹಿಡಿದರೆ ತುದಿಯಲ್ಲಿ ಒಂದೂವರೆ ಅಂಗುಲ ನೀಲಿ ತಿರುಗಿತ್ತು. ಕಾರ್ಬನ್ ಉಕ್ಕು 300 ಡಿಗ್ರಿ ಸೆಲ್ಸಿಯಸ್ ಹತ್ತಿರ ಕಾದಾಗ ಮೂಡುವ ಬಣ್ಣ ಅದು. ಚಾಕು ಮಾಡುವವರು ಹದ ಕೊಡುವಾಗ ಸಾಮಾನ್ಯವಾಗಿ 200 ಡಿಗ್ರಿಯ ಸುತ್ತ ನಿಲ್ಲಿಸಿರುತ್ತಾರೆ. ಅದನ್ನು ಮೀರಿ ಕಾದರೆ ಹದ ಇಳಿದು ಉಕ್ಕು ಮೆತ್ತಗಾಗುತ್ತದೆ. ಆಮೇಲೆ ಆ ತುದಿ ಎಷ್ಟು ಮಸೆದರೂ ಬಾಯಿ ಹಿಡಿಯಲಿಲ್ಲ. ತೆಂಗಿನ ಗರಿಗೆ ತಾಗಿದರೂ ಮಡಚುತ್ತಿತ್ತು. ಆ ಭಾಗ ಪೂರ್ತಿ ಸವೆದು ಹೋಗುವ ತನಕ ಅದಕ್ಕೆ ಮದ್ದಿಲ್ಲ.

ಸೈಕಲ್ ಮೇಲೆ ಬರುವ ಸಾಣೆಯವರ ಮಾತು ಬೇರೆ. ಪೆಡಲ್ ತುಳಿದು ತಿರುಗಿಸುವ ಚಕ್ರ ನಿಧಾನ, ಅನುಭವಸ್ಥರು ಅಲಗನ್ನು ಒಂದೇ ಕಡೆ ಒತ್ತಿ ಹಿಡಿಯುವುದಿಲ್ಲ, ಆಗಾಗ ನೀರಿಗೆ ಅದ್ದುತ್ತಾರೆ. ಆ ಕೈಗಳ ಬಗ್ಗೆ ನನಗೆ ಗೌರವವಿದೆ. ಮುಕ್ಕಾದ ಕತ್ತಿಯನ್ನು ನೇರ ಮಾಡಲು ಅವರೇ ಬೇಕು. ಜೇಬಿನ ಕಲ್ಲು ಇರುವುದು ಅಲ್ಲಿಯ ತನಕ ಹೋಗದಂತೆ ನೋಡಿಕೊಳ್ಳಲು.

ತಪ್ಪು ಕಲ್ಪನೆ: ವಜ್ರದ ಪಟ್ಟಿ ಅಲಗನ್ನು ತಿಂದುಬಿಡುತ್ತದೆ.

ವಾಸ್ತವ: ಜೊತೆಗೊಯ್ಯಲು ನಾನು ಮೊದಲು ಹೇಳುವುದು ವಜ್ರದ ಪಟ್ಟಿಯನ್ನೇ. ಉಕ್ಕಿನ ತಗಡಿನ ಮೇಲೆ ಕೃತಕ ವಜ್ರದ ಪುಡಿಯನ್ನು ನಿಕಲ್ ಲೇಪನದಲ್ಲಿ ಅಂಟಿಸಿರುತ್ತಾರೆ. ಕಲ್ಲಿನ ಹಾಗೆ ಬಿದ್ದರೆ ಒಡೆಯುವುದಿಲ್ಲ, ನಡುವೆ ತಗ್ಗು ಬೀಳುವುದಿಲ್ಲ. ನೆನೆಸುವ ಕೆಲಸವಿಲ್ಲ, ಒಣಗಿದ್ದಾಗಲೂ ನಡೆಯುತ್ತದೆ, ಎರಡು ಹನಿ ನೀರು ಹಾಕಿದರೆ ಇನ್ನೂ ಒಳ್ಳೆಯದು.

ಅಲಗನ್ನು ತಿನ್ನುತ್ತದೆ ಎಂಬ ಮಾತು ಬಂದದ್ದು ಒತ್ತುವ ಅಭ್ಯಾಸದಿಂದ. ಹಳೆಯ ಕಲ್ಲಿಗೆ ಬಲ ಹಾಕಿ ಉಜ್ಜಿದ ಕೈ ವಜ್ರದ ಪಟ್ಟಿಗೂ ಹಾಗೇ ಒತ್ತುತ್ತದೆ. ಆಗ ಅಲಗಿನಲ್ಲಿ ಆಳದ ಗೀರು ಬೀಳುತ್ತದೆ. ಪಟ್ಟಿಗೂ ಕೇಡು: ವಜ್ರದ ಕಣಗಳು ಇರುವುದು ಒಂದೇ ಪದರ, ಒತ್ತಿದರೆ ಅವು ನಿಕಲ್‌ನಿಂದ ಕಿತ್ತುಬರುತ್ತವೆ, ಕಿತ್ತುಬಂದದ್ದು ಮತ್ತೆ ಬರುವುದಿಲ್ಲ. ಎರಡೇ ತಿಂಗಳಲ್ಲಿ ಪಟ್ಟಿ ನುಣುಪಾಯಿತು ಎನ್ನುವ ದೂರಿನ ಹಿಂದೆ ಹಲವು ಸಲ ಇದೇ ಕಾರಣ ಇರುತ್ತದೆ. ಹೊಸ ಪಟ್ಟಿ ಮೊದಲ ಕೆಲವು ಸಲ ಬಹಳ ಒರಟು ಅನಿಸುತ್ತದೆ. ಎತ್ತರಕ್ಕೆ ನಿಂತ ಕಣಗಳು ಉದುರಿದ ಮೇಲೆ ಸಮಕ್ಕೆ ಬರುತ್ತದೆ. ಅಲ್ಲಿಯ ತನಕ ತಾಳ್ಮೆಯಿರಲಿ, ಕೈ ಹಗುರವಿರಲಿ.

ತಪ್ಪು ಕಲ್ಪನೆ: ಗ್ರಿಟ್ ಸಂಖ್ಯೆ ದೊಡ್ಡದಾದಷ್ಟೂ ಚಾಕು ಹರಿತ.

ವಾಸ್ತವ: ಗ್ರಿಟ್ ಹೇಳುವುದು ಕಣದ ಗಾತ್ರವನ್ನು. ಸಂಖ್ಯೆ ಏರಿದಂತೆ ಕಣ ಸಣ್ಣದು, ಗೀರು ಸಣ್ಣದು, ಬಾಯಿ ನುಣುಪು. ನುಣುಪು ಬಾಯಿ ಗಡ್ಡ ಹೆರೆಯಲು ಬೇಕು, ಮರ ಕೆತ್ತಲು ಬೇಕು. ಆದರೆ ನೈಲಾನ್ ಹಗ್ಗ, ಟೊಮೆಟೊ ಸಿಪ್ಪೆ, ರಟ್ಟಿನ ಪೆಟ್ಟಿಗೆ, ಹಸಿ ಬಳ್ಳಿ ಇವುಗಳನ್ನು ಕೊಯ್ಯಲು ಕಣ್ಣಿಗೆ ಕಾಣದಷ್ಟು ಸಣ್ಣ ಹಲ್ಲುಗಳಿರುವ ಬಾಯಿ ಹೆಚ್ಚು ಚುರುಕು. ಜೇಬಿನ ಚಾಕು ದಿನವಿಡೀ ಮಾಡುವುದು ಈ ಕೆಲಸಗಳನ್ನೇ. 600ರ ಸುತ್ತ ನಿಲ್ಲಿಸಿ ಮುಳ್ಳನ್ನು ಚೆನ್ನಾಗಿ ತೆಗೆದ ಬಾಯಿ ಹಗ್ಗದ ಮೇಲೆ ಜಾರುವುದಿಲ್ಲ.

ಇನ್ನೊಂದು ತೊಡಕು: ಒಂದು ದೇಶದ 1000 ಇನ್ನೊಂದು ದೇಶದ 1000 ಅಲ್ಲ. ಜಪಾನಿನ ಲೆಕ್ಕದ 1000 ಅಮೆರಿಕದ ಲೆಕ್ಕದ 600ಕ್ಕೆ ಹತ್ತಿರ. ಹೋಲಿಸಬೇಕಾದದ್ದು ಕಣದ ಗಾತ್ರವನ್ನು, ಅಂದರೆ ಮೈಕ್ರಾನ್ ಸಂಖ್ಯೆಯನ್ನು. ಡಿಎಂಟಿ ಕಂಪನಿಯ ವಜ್ರದ ಪಟ್ಟಿಗಳಲ್ಲಿ ಬಣ್ಣವೇ ಗುರುತು: ನೀಲಿ 45 ಮೈಕ್ರಾನ್, ಕೆಂಪು 25, ಹಸಿರು 9. ಒಂದೇ ಒಯ್ಯುವುದಾದರೆ ನನ್ನ ಮತ ಕೆಂಪಿಗೆ. 25 ಮೈಕ್ರಾನ್ ಮೊಂಡಾದ ಬಾಯಿಯನ್ನೂ ಎಬ್ಬಿಸುತ್ತದೆ, ಬಳಸುವಷ್ಟು ನುಣುಪನ್ನೂ ಕೊಡುತ್ತದೆ. ಸ್ವೀಡನ್ನಿನ ಫಾಲ್ಕ್‌ನಿವೆನ್ ಕಂಪನಿಯ ಡಿಸಿ4 ಎಂಬ ಪುಟ್ಟ ಪಟ್ಟಿಯೂ ಒಂದು ಮುಖಕ್ಕೆ ಇದೇ 25 ಮೈಕ್ರಾನ್ ವಜ್ರ, ಇನ್ನೊಂದು ಮುಖಕ್ಕೆ ಸೆರಾಮಿಕ್ ಇಟ್ಟಿದೆ. 10 ಸೆಂಟಿಮೀಟರ್ ಉದ್ದ, ಅಂಗಿಯ ಜೇಬಿಗೆ ಸಲೀಸು.

ತಪ್ಪು ಕಲ್ಪನೆ: ಎಣ್ಣೆ ಹಾಕದೆ ಮಸೆಯಬಾರದು.

ವಾಸ್ತವ: ಎಣ್ಣೆಯ ಕೆಲಸ, ನೀರಿನ ಕೆಲಸ ಎರಡೂ ಒಂದೇ, ಸವೆದ ಲೋಹದ ಪುಡಿ ಕಲ್ಲಿನ ರಂಧ್ರಕ್ಕೆ ಇಳಿಯದಂತೆ ತೇಲಿಸುವುದು. ಹೊರಗೆ ಹೋದಾಗ ನೀರೇ ಅನುಕೂಲ, ಒಂದು ಹನಿ ಪಾತ್ರೆ ತೊಳೆಯುವ ಸೋಪು ಬೆರೆಸಿದರೆ ಇನ್ನೂ ಚೆನ್ನ. ಅಡುಗೆ ಎಣ್ಣೆ ಮಾತ್ರ ಬೇಡ, ಕಲ್ಲಿನೊಳಗೆ ಜಿಗುಟಾಗಿ ಕೂರುತ್ತದೆ. ಕೊಬ್ಬರಿ ಎಣ್ಣೆಯಂತೂ ಘಟ್ಟದ ಚಳಿಗೆ ಹೆಪ್ಪುಗಟ್ಟಿ ಕಲ್ಲಿನ ಬಾಯಿಯನ್ನೇ ಮುಚ್ಚುತ್ತದೆ.

ತಪ್ಪು ಕಲ್ಪನೆ: ಯಾವ ಅಲಗಿಗಾದರೂ ಒಂದೇ ಕಲ್ಲು ನಡೆಯುತ್ತದೆ.

ವಾಸ್ತವ: ಇಲ್ಲಿ ನೋಡಬೇಕಾದದ್ದು ಎರಡು, ಉಕ್ಕು ಮತ್ತು ಆಕಾರ.

ಉಕ್ಕಿನ ವಿಷಯ ಹಲವರಿಗೆ ಅನಗತ್ಯ ಭಯ ಹುಟ್ಟಿಸಿದೆ. ಸ್ಟೇನ್‌ಲೆಸ್ ಚಾಕು ಮಸೆಯಲು ಬರುವುದಿಲ್ಲ ಎಂದು ಈಗಲೂ ಹೇಳುವವರಿದ್ದಾರೆ. ಸ್ವಿಸ್ ಆರ್ಮಿ ಚಾಕುವಿನ ಸ್ಟೇನ್‌ಲೆಸ್ ಅಲಗು ಬಹಳ ಗಡಸೇನಲ್ಲ, ರಾಕ್‌ವೆಲ್ ಮಾಪನದಲ್ಲಿ 55-56. ಅದಾಗಲಿ, ಫ್ರಾನ್ಸಿನ ಒಪಿನೆಲ್ ಚಾಕುವಾಗಲಿ, ಊರ ಕಮ್ಮಾರರು ಹಳೆಯ ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಬಡಿದ ಕತ್ತಿಯಾಗಲಿ, ಹಾರ್ಡ್‌ವೇರ್ ಅಂಗಡಿಯ ಕಾರ್ಬೊರಂಡಮ್ ಕಲ್ಲಿಗೇ ಮಣಿಯುತ್ತವೆ. ಒಂದು ಮುಖ ಒರಟು, ಇನ್ನೊಂದು ನಯ ಇರುವ ಆ ಕಪ್ಪು ಕಲ್ಲನ್ನು ಕಡೆಗಣಿಸಬೇಡಿ. ಅಮೆರಿಕದ ಎಡ್ವರ್ಡ್ ಅಚೆಸನ್ 1893ರಲ್ಲಿ ಪೇಟೆಂಟ್ ಪಡೆದ ಸಿಲಿಕಾನ್ ಕಾರ್ಬೈಡೇ ಅದು, ಗಡಸುತನದಲ್ಲಿ ನಮ್ಮ ಕುರುವಿಂದಕ್ಕಿಂತ ಒಂದು ಕೈ ಮೇಲು. ತೊಂದರೆ ಬರುವುದು ವೆನೇಡಿಯಮ್ ಹೆಚ್ಚಿರುವ ಹೊಸ ಕಾಲದ ದುಬಾರಿ ಉಕ್ಕುಗಳಲ್ಲಿ. ಆ ಉಕ್ಕಿನೊಳಗಿನ ವೆನೇಡಿಯಮ್ ಕಾರ್ಬೈಡ್ ಕಣಗಳು ಕುರುವಿಂದಕ್ಕಿಂತ ಗಡಸು. ಅಂಥ ಚಾಕು ನಿಮ್ಮದಾದರೆ ವಜ್ರವೇ ಬೇಕು, ಬೇರೆ ಕಲ್ಲು ಸುತ್ತಲಿನ ಉಕ್ಕನ್ನು ಸವೆಸಿ ಆ ಕಣಗಳನ್ನು ಹಾಗೇ ಬಿಡುತ್ತದೆ.

ಆಕಾರದ ಮಾತನ್ನು ಅಂಗಡಿಯವರು ಹೇಳುವುದೇ ಇಲ್ಲ, ನನಗೆ ಬೇಸರ ತರುವುದು ಅದೇ. ಚಪ್ಪಟೆ ಪಟ್ಟಿ ನೇರ ಅಲಗಿಗೆ, ಹೊರಕ್ಕೆ ಉಬ್ಬಿದ ಅಲಗಿಗೆ ಸರಿ. ಮಲೆನಾಡಿನ ಕೊಕ್ಕೆ ಕತ್ತಿಯ, ಕುಡುಗೋಲಿನ ಬಾಯಿ ಒಳಕ್ಕೆ ಬಾಗಿರುತ್ತದೆ. ಚಪ್ಪಟೆ ಪಟ್ಟಿ ಆ ಬಾಗಿಗೆ ಇಳಿಯದೆ ಎರಡು ತುದಿಯಲ್ಲಿ ಮಾತ್ರ ತಾಗುತ್ತದೆ. ಕೊನೆಗೌಡರ ಕಲ್ಲಿನ ಅಂಚು ಸವೆದು ಉರುಟಾಗಿತ್ತು ಎಂದೆನಲ್ಲ, ಅವರು ಮಸೆದದ್ದು ಆ ಉರುಟು ಅಂಚಿನಿಂದಲೇ, ಬಾಗಿನ ಒಳಗೆ ಅದು ಗೂಡಿಗೆ ಕೂತಂತೆ ಕೂರುತ್ತಿತ್ತು. ತೋಟಕ್ಕೆ ಒಯ್ಯುವವರು ಚಪ್ಪಟೆ ಪಟ್ಟಿಯ ಬದಲು ದೋಣಿಯಾಕಾರದ ಕಲ್ಲನ್ನೋ ಗುಂಡು ಕಡ್ಡಿಯನ್ನೋ ನೋಡಿ. ಗರಗಸದಂಥ ಹಲ್ಲಿರುವ ಚಾಕುವಿಗೆ ತುದಿಗೆ ಸಣ್ಣಗಾಗುವ ವಜ್ರದ ಕಡ್ಡಿ ಬೇಕು. ಒಂದೊಂದೇ ಹಲ್ಲಿನ ಗುಳಿಯಲ್ಲಿಟ್ಟು, ಇಳಿಜಾರಿರುವ ಬದಿಯಿಂದ ಮಾತ್ರ ಮಸೆಯಬೇಕು. ಕೊಡಲಿಗೆ ಮೊದಲು ಅರ, ಆಮೇಲೆ ಅಂಗೈಯಗಲದ ಗುಂಡು ಕಲ್ಲು. ಅರ ಕೊಯ್ಯುವುದು ಮುಂದಕ್ಕೆ ತಳ್ಳಿದಾಗ ಮಾತ್ರ, ಹಿಂದಕ್ಕೆ ಎಳೆಯುವಾಗ ಎತ್ತಿಕೊಳ್ಳಿ.

ತಪ್ಪು ಕಲ್ಪನೆ: ಬಾಯಿ ಹೋದಾಗಲೆಲ್ಲ ಮಸೆಯಲೇಬೇಕು.

ವಾಸ್ತವ: ಬಾಯಿ ಸವೆಯುವುದು ಬೇರೆ, ಮಡಚುವುದು ಬೇರೆ. ಮಡಚಿದ್ದಕ್ಕೆ ತಿದ್ದಿದರೆ ಸಾಕು, ಲೋಹ ಕಳೆಯಬೇಕಿಲ್ಲ. ನೇಪಾಳದ ಕುಕ್ರಿಯ ಒರೆಯಲ್ಲಿ ಹಿಂಬದಿಗೆ ಎರಡು ಪುಟ್ಟ ಅಲಗುಗಳಿರುತ್ತವೆ. ಒಂದು ಹರಿತದ ಕರ್ದಾ, ಇನ್ನೊಂದು ಬಾಯಿಯೇ ಇಲ್ಲದ ಚಕ್ಮಕ್. ಚಕ್ಮಕ್ ಇರುವುದು ಬೆಣಚುಕಲ್ಲಿಗೆ ಹೊಡೆದು ಬೆಂಕಿ ಮಾಡಲು, ಮತ್ತು ಕುಕ್ರಿಯ ಮಡಚಿದ ಬಾಯಿಯನ್ನು ತೀಡಿ ನೆಟ್ಟಗೆ ಮಾಡಲು. ಜೊತೆಗೊಯ್ಯುವ ಶಾರ್ಪನರ್ ಎಂಬ ವಿಚಾರವನ್ನು ಆ ಬೆಟ್ಟದ ಜನ ಒರೆಯಲ್ಲೇ ಇಟ್ಟುಕೊಂಡಿದ್ದಾರೆ. ನಮ್ಮಲ್ಲೂ ಮರದ ಹಲಗೆಯ ಮೇಲೆ ಬೆಣಚುಕಲ್ಲಿನ ಪುಡಿ ಉದುರಿಸಿ ಕತ್ತಿ ತೀಡುವುದುಂಟು. ಕ್ಷೌರದವರ ಚರ್ಮದ ಪಟ್ಟಿಯೂ ಇದೇ ಕುಲದ್ದು. ಚಾರಣದಲ್ಲಿ ನಿಮ್ಮ ಸೊಂಟದ ಚರ್ಮದ ಬೆಲ್ಟಿನ ಒಳಮೈ ಈ ಕೆಲಸಕ್ಕೆ ಬರುತ್ತದೆ. ಅಲಗಿನ ಬೆನ್ನು ಮುಂದೆ, ಬಾಯಿ ಹಿಂದೆ ಬರುವಂತೆ ಎಳೆಯಬೇಕು. ಬಾಯಿ ಮುಂದಾದರೆ ಬೆಲ್ಟು ಕೊಯ್ದುಹೋಗುತ್ತದೆ.

ತಪ್ಪು ಕಲ್ಪನೆ: ಮೊಂಡು ಚಾಕುವೇ ಅಪಾಯವಿಲ್ಲದ್ದು, ಮಕ್ಕಳಿಗೆ ಅದನ್ನೇ ಕೊಡಿ.

ವಾಸ್ತವ: ಮೊಂಡು ಚಾಕುವಿಗೆ ಬಲ ಹಾಕಬೇಕು, ಬಲ ಹಾಕಿದ ಚಾಕು ಜಾರಿದರೆ ನಿಲ್ಲಿಸಲಾಗುವುದಿಲ್ಲ. ಹರಿತದ ಚಾಕು ಕೊಡಿ, ಹಿಡಿಯುವುದನ್ನು ಪಕ್ಕದಲ್ಲಿ ಕೂತು ಕಲಿಸಿ. ಮಸೆಯುವಾಗಿನ ಅಪಾಯವನ್ನೂ ಹೇಳಿಕೊಡಿ. ಪುಟ್ಟ ಕಲ್ಲನ್ನು ಕೈಯಲ್ಲಿ ಹಿಡಿದು ಮಸೆಯುವಾಗ ಹೆಬ್ಬೆರಳು ಕಲ್ಲಿನ ಅಂಚು ದಾಟಿರಬಾರದು. ಹಿಡಿ ಇರುವ ಪಟ್ಟಿ ಆರಿಸಿದರೆ ಈ ಚಿಂತೆ ಕಡಿಮೆ. ಕತ್ತಲಲ್ಲಿ, ದಣಿದ ಕೈಯಲ್ಲಿ ಮಸೆಯಬೇಡಿ.

ತಪ್ಪು ಕಲ್ಪನೆ: ಕಾಡಿಗೆ ಹೋಗುವುದಾದರೆ ಇಡೀ ಸೆಟ್ ಬೇಕು.

ವಾಸ್ತವ: ನಾಲ್ಕು ಕಲ್ಲು, ಹಿಡಿಕೆ, ಸರಳು ಎಲ್ಲ ಇರುವ ಪೆಟ್ಟಿಗೆ ಮನೆಯ ಮೇಜಿಗೆ ಒಳ್ಳೆಯದು. ಬೆನ್ನಚೀಲದಲ್ಲಿ ಅದು ಎರಡನೆಯ ಚಾರಣದಿಂದ ಮನೆಯಲ್ಲೇ ಉಳಿಯುತ್ತದೆ. ಚಾಕುವನ್ನು ಹೊರಡುವ ಮುನ್ನ ಮನೆಯಲ್ಲಿ ಪೂರ್ತಿ ಮಸೆದುಕೊಂಡು ಹೋದರೆ, ಹೊರಗೆ ಬೇಕಾಗುವುದು ಹತ್ತು ಎಳೆತದ ಕೆಲಸ ಮಾತ್ರ. ಅದಕ್ಕೊಂದು ಕೆಂಪು ವಜ್ರದ ಪಟ್ಟಿ ಸಾಕು, ಬೇಕಿದ್ದರೆ ಒಂದು ಸೆರಾಮಿಕ್ ಕಡ್ಡಿ. ಅದೂ ಮರೆತುಹೋದರೆ ಪಿಂಗಾಣಿ ಕಪ್ಪನ್ನು ಬೋರಲು ಹಾಕಿ ನೋಡಿ, ತಳದಲ್ಲಿ ಹೊಳಪಿಲ್ಲದ ಒರಟು ಉಂಗುರ ಇರುತ್ತದೆ. ಆ ಉಂಗುರ ನಯವಾದ ಮಸೆಗಲ್ಲೇ. ಒಮ್ಮೆ ಕೊಡಚಾದ್ರಿಯ ಬುಡದ ಚಹಾ ಅಂಗಡಿಯಲ್ಲಿ ಕಪ್ಪು ಬೋರಲು ಹಾಕಿ ಚಾಕು ತೀಡಿಕೊಂಡು, ಅದರಲ್ಲೇ ಕಿತ್ತಳೆ ಹೆಚ್ಚಿ ಅಂಗಡಿಯಮ್ಮನಿಗೂ ಕೊಟ್ಟಿದ್ದೆ. ಅವರು ಒಳಗಿನಿಂದ ತಮ್ಮ ಈರುಳ್ಳಿ ಚಾಕು ತಂದು ಮುಂದಿಟ್ಟರು: 'ಇದಕ್ಕೂ ಎರಡು ಎಳೀರಿ ಅಣ್ಣಾ.'

ಮಸೆದ ಮೇಲೆ ಉಕ್ಕಿನ ಪುಡಿ ಅಲಗಿಗೆ ಅಂಟಿರುತ್ತದೆ, ಹಣ್ಣಿಗೆ ಹಾಕುವ ಮೊದಲು ತೊಳೆಯಿರಿ. ಪಟ್ಟಿಯನ್ನೂ ತೊಳೆದು ಒರೆಸಿ. ಘಟ್ಟದ ಮಳೆಗಾಲದಲ್ಲಿ ಒಂದೇ ರಾತ್ರಿಯಲ್ಲಿ ಕಾರ್ಬನ್ ಉಕ್ಕಿನ ಬಾಯಿಗೆ ಕೆಂಪು ಏರುತ್ತದೆ, ಮಲಗುವ ಮುನ್ನ ಅಲಗನ್ನು ಒಣ ಬಟ್ಟೆಯಿಂದ ಒರೆಸಿ, ತೆಳುವಾಗಿ ಮಿಷಿನ್ ಎಣ್ಣೆ ಸವರಿ ಮಡಚಿಡಿ.